ವುಜೂ ಮುಗಿಯುವುದೇ ಇಲ್ಲ ಅಂದರೆ

ಪ್ರಶ್ನೆ: ಡಾಕ್ಟರೇ, ನಾವು ದಾವಣಗೆರೆ ಆಜಾದ್ ನಗರದ ಕಡೆಯವರು. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ವುಜೂ ಮಾಡಿದರೆ ಮನಸ್ಸಿಗೆ ನೆಮ್ಮದಿ ಅಂತ ಎಲ್ಲರೂ ಹೇಳುತ್ತಾರೆ. ನನಗೂ ಅದು ನಿಜ ಅನ್ನಿಸುತ್ತದೆ. ಆದರೆ ನನ್ನ ಮಗ ಒಂದು ವರ್ಷದಿಂದ ವುಜೂಗೆ ಕೂತರೆ 40 ನಿಮಿಷ ಏಳುವುದಿಲ್ಲ. ಅವನಿಗೆ 19 ವರ್ಷ, ಡಿಪ್ಲೊಮಾ ಓದುತ್ತಿದ್ದಾನೆ. ‘ಮೊಣಕೈ ಒಣಗಿ ಉಳಿದಿದೆಯಾ ನೋಡು ಅಮ್ಮೀ’ ಅಂತ ಮೇಲಿಂದ ಮೇಲೆ ಕೇಳುತ್ತಾನೆ. ಜಮಾತ್ (ಮಸೀದಿಯಲ್ಲಿ ಎಲ್ಲರೂ ಒಟ್ಟಿಗೆ ಮಾಡುವ ನಮಾಜ್) ತಪ್ಪುತ್ತದೆ, ಅಳುತ್ತಾನೆ. ಕೈಯೆಲ್ಲಾ ಬಿರುಕು. ಅವರಪ್ಪ ಸಿಟ್ಟು ಬಂದಾಗ ಟ್ಯಾಂಕಿನ ವಾಲ್ವ್ ಬಂದ್ ಮಾಡುತ್ತಾರೆ. ನೆಂಟರು ‘ಗಾಳಿ ಸೋಕಿದೆ’ ಅನ್ನುತ್ತಾರೆ. ಒಬ್ಬ ಡಾಕ್ಟರ್ ‘ಸ್ವಲ್ಪ ದಿನ ನಮಾಜ್ ಬಿಡಿಸಿ’ ಅಂದರು. ಅಂದಿನಿಂದ ಅವನು ಯಾವ ಡಾಕ್ಟರ ಹತ್ತಿರವೂ ಬರುವುದಿಲ್ಲ ಅಂತ ಕೂತಿದ್ದಾನೆ. ನೆಮ್ಮದಿ ಕೊಡಬೇಕಾದದ್ದು ಹೀಗೇಕೆ ಆಯಿತು? ಗುಳಿಗೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಾ?

ಉತ್ತರ: ತಾಯಿ, ಮೊದಲು ನೇರವಾಗಿ ಎರಡು ಮಾತು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗನಿಗೆ ಇರುವುದು ಗೀಳು ಕಾಯಿಲೆ. ಓಸಿಡಿ ಅಂತ ಈಗ ಕಾಲೇಜು ಹುಡುಗರೂ ಹೇಳುತ್ತಾರಲ್ಲ, ಅದೇ. ಎದುರಿಗೆ ಕೂರಿಸಿ ಮಾತಾಡಿಸದೆ ಯಾವ ವೈದ್ಯನೂ ಮುದ್ರೆ ಒತ್ತಬಾರದು. ಆದರೂ ಇಷ್ಟು ಲಕ್ಷಣ ಒಟ್ಟಿಗೆ ಇದ್ದಾಗ ಬೇರೇನೋ ಆಗಿರುವ ಸಾಧ್ಯತೆ ಕಡಿಮೆ. ಎರಡನೆಯದು, ನಮಾಜ್ ಬಿಡಿಸಬೇಡಿ. ಅದರ ಅಗತ್ಯ ಇಲ್ಲ. ಬಿಡಿಸಿದರೆ ಕಾಯಿಲೆ ವಾಸಿಯಾಗುವುದೂ ಇಲ್ಲ. ಗೀಳು ವುಜೂ ಬಿಟ್ಟು ಬಾಗಿಲ ಚಿಲಕಕ್ಕೋ ಪರೀಕ್ಷೆ ಹಾಲ್‌ಟಿಕೆಟ್‌ಗೋ ಹೋಗಿ ಅಂಟಿಕೊಳ್ಳುತ್ತದೆ ಅಷ್ಟೇ.

ನಾನು ಮನೋವೈದ್ಯ, ಆಲಿಮ್ ಅಲ್ಲ. ಧರ್ಮದ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಈ ಉತ್ತರದಲ್ಲಿ ಬರುವ ವುಜೂ ನಿಯಮಗಳನ್ನು ನಿಮ್ಮ ಮಸೀದಿಯ ಹಜ್ರತ್ ಅವರ ಬಾಯಿಂದಲೂ ಒಂದು ಸಲ ಕೇಳಿಸಿಕೊಳ್ಳಿ. ‘ಒಂದು ಸಲ’ ಅಂತ ಯಾಕೆ ಒತ್ತಿ ಹೇಳಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ವುಜೂ ಮಾಡಿದರೆ ನೆಮ್ಮದಿ ಅನ್ನುವುದು ನಿಮ್ಮ ಭ್ರಮೆ ಅಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ನಿಂತು ಹುರಿಯುವವರು ಮಧ್ಯಾಹ್ನದ ಝೊಹರ್ ನಮಾಜಿನ ಹೊತ್ತಿಗೆ ಮುಖಕ್ಕೆ ನೀರು ಹಾಕಿಕೊಂಡರೆ ಹೇಗಿರುತ್ತದೆ ಅಂತ ಅವರನ್ನೇ ಕೇಳಿ. ಅದರಲ್ಲಿ ಒಂದು ಭಾಗ ಬರೀ ದೇಹದ ವಿಷಯ. ಹಣೆ, ಕಣ್ಣು, ಮೂಗಿನ ಸುತ್ತ ತಣ್ಣೀರು ಬಿದ್ದಾಗ ಮುಖದ ನರಗಳು ಮೆದುಳಿಗೆ ಸುದ್ದಿ ಕೊಡುತ್ತವೆ. ಅಲ್ಲಿಂದ ವೇಗಸ್ ನರದ ಮೂಲಕ ಹೃದಯಕ್ಕೆ ‘ನಿಧಾನ’ ಅನ್ನುವ ಸೂಚನೆ ಹೋಗುತ್ತದೆ. ನೀರಲ್ಲಿ ಮುಳುಗುವ ಪ್ರಾಣಿಗಳಲ್ಲೆಲ್ಲಾ ಇದು ಇದೆ, ನಮ್ಮಲ್ಲೂ ಇದೆ. ಉಸಿರು ಬಿಗಿಹಿಡಿದು ತುಂಬಾ ತಣ್ಣನೆಯ ನೀರಿಗೆ ಮುಖ ಅದ್ದಿದರೆ ಜೋರಾಗಿ ಕಾಣಿಸುತ್ತದೆ. ವುಜೂದಲ್ಲಿ ಬೊಗಸೆ ನೀರು ಎರಚಿಕೊಳ್ಳುವಾಗ ಅಷ್ಟಿಲ್ಲ, ಸ್ವಲ್ಪ ಇದ್ದೀತು.

ಇನ್ನೊಂದು ಭಾಗ ಕ್ರಮದ್ದು. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ಕೈ, ತಲೆಗೆ ಮಸಹ್ (ಒದ್ದೆ ಕೈಯಲ್ಲಿ ಒರೆಸುವುದು), ಕಾಲು. ಮುಂದೇನು ಅಂತ ಯೋಚಿಸಬೇಕಿಲ್ಲ. ಮಾಡುತ್ತಿದ್ದ ಕೆಲಸ ನಿಲ್ಲುತ್ತದೆ, ಒದ್ದೆ ಕೈಯಲ್ಲಿ ಮೊಬೈಲ್ ಮುಟ್ಟಲಾಗುವುದಿಲ್ಲ. ಇದು ಸಣ್ಣ ವಿಷಯ ಅಲ್ಲ ಸ್ವಾಮಿ, ಇವತ್ತಿನ ಕಾಲದಲ್ಲಿ ದಿನಕ್ಕೆ ಐದು ಸಲ ಮೊಬೈಲ್ ಕೆಳಗಿಡಿಸುವ ಏರ್ಪಾಡು ಬೇರೆ ಯಾವುದಿದೆ? ಅದರ ಮೇಲೆ ನಂಬಿಕೆ ಇದೆ. ವುಜೂ ನೀರಿನ ಜೊತೆ ಪಾಪಗಳೂ ಇಳಿದುಹೋಗುತ್ತವೆ ಅಂತ ಸಹೀಹ್ ಮುಸ್ಲಿಂ ಸಂಗ್ರಹದ ಹದೀಸ್ (ಪ್ರವಾದಿಯವರ ಮಾತು) ಇದೆ. ಮಲಗುವ ಮುಂಚೆ ನಮಾಜಿಗೆ ಮಾಡುವ ಹಾಗೆ ವುಜೂ ಮಾಡಿ ಬಲಮಗ್ಗುಲಿಗೆ ಮಲಗಿ ಅಂತ ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಇದೆ. ಸಿಟ್ಟು ಬಂದರೆ ವುಜೂ ಮಾಡಿ ಅನ್ನುವ ಮಾತು ಅಬೂದಾವೂದ್ ಸಂಗ್ರಹದಲ್ಲಿದೆ. ಅದು ಯಾರ ಬಾಯಿಂದ ಯಾರಿಗೆ ಬಂತು ಅನ್ನುವ ಸರಣಿಯ (ಸನದ್) ಬಗ್ಗೆ ಪಂಡಿತರಲ್ಲಿ ಚರ್ಚೆ ಇದೆ. ಸಿಟ್ಟಿನ ಮಟ್ಟಿಗೆ ನನಗೆ ಒಪ್ಪಿಗೆಯೇ. ಎದ್ದು ಹೋಗಿ ನೀರು ಮುಟ್ಟಿ ಬರುವಷ್ಟರಲ್ಲಿ ಬಾಯಿಗೆ ಬಂದ ಅರ್ಧ ಮಾತು ಅಲ್ಲೇ ಸತ್ತಿರುತ್ತದೆ. ನಿಮ್ಮ ಯಜಮಾನರಿಗೂ ಇದನ್ನು ಹೇಳಿ.

ಇಲ್ಲಿ ಒಂದು ಎಚ್ಚರಿಕೆ. ವಾಟ್ಸಾಪಿನಲ್ಲಿ ‘ವುಜೂ ಮಾಡುವ ಜಾಗದಲ್ಲಿ ಇಷ್ಟು ನರಬಿಂದುಗಳಿವೆ, ಇಷ್ಟು ರೋಗ ಹೋಗುತ್ತದೆ, ವಿಜ್ಞಾನಿಗಳು ಬೆರಗಾದರು’ ಅಂತ ಬರುತ್ತದೆ. ಅದನ್ನು ನಂಬಬೇಡಿ. ಇಂಡೋನೇಷ್ಯಾ, ಇರಾನ್ ಕಡೆ ವುಜೂ ಮತ್ತು ಆತಂಕದ ಬಗ್ಗೆ ಕೆಲವು ಅಧ್ಯಯನ ನಡೆದಿವೆ. ಹೆಚ್ಚಿನವು ತೀರಾ ಸಣ್ಣವು. ನೀರಿನಿಂದ ಆದದ್ದೆಷ್ಟು, ನಂಬಿಕೆಯಿಂದ ಆದದ್ದೆಷ್ಟು, ಸುಮ್ನೆ ಹತ್ತು ನಿಮಿಷ ಕೂತದ್ದರಿಂದ ಆದದ್ದೆಷ್ಟು ಅಂತ ಬೇರ್ಪಡಿಸುವುದು ಕಷ್ಟ. ಕೈ ತೊಳೆದರೆ ತಪ್ಪಿತಸ್ಥ ಭಾವನೆ ಕಡಿಮೆಯಾಗುತ್ತದೆ ಅಂತ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗ ಬಹಳ ಹೆಸರು ಮಾಡಿತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಎಷ್ಟೋ ಕಡೆ ಆ ಫಲಿತಾಂಶ ಬರಲೇ ಇಲ್ಲ. ನಂಬಿ ಮಾಡುವವರಿಗೆ ಇಂಥ ಸರ್ಟಿಫಿಕೇಟ್ ಬೇಕೂ ಇಲ್ಲ ಅಲ್ವಾ?

ಈಗ ನಿಮ್ಮ ಮುಖ್ಯ ಪ್ರಶ್ನೆ. ನೆಮ್ಮದಿ ಕೊಡುವುದು ಹೀಗೇಕೆ ಆಯಿತು?

ವುಜೂದ ನೆಮ್ಮದಿ ಅದು ಮುಗಿಯುವುದರಲ್ಲಿದೆ. ಕಾಲು ತೊಳೆದು ಎದ್ದಿರಿ, ಆಯಿತು. ಇನ್ನು ನಮಾಜ್. ಈ ‘ಆಯಿತು’ ಅನ್ನುವ ಭಾವನೆ ನಿಮಗೆ ತಾನಾಗಿ ಬರುತ್ತದೆ. ನಿಮ್ಮ ಮಗನಿಗೆ ಅದು ಬರುವುದಿಲ್ಲ. ಗೀಳು ಕಾಯಿಲೆ ಕದಿಯುವುದು ಇದೊಂದನ್ನೇ. ಕೈ ಒದ್ದೆಯಾಗಿದ್ದು ಅವನ ಕಣ್ಣಿಗೆ ಕಾಣುತ್ತದೆ, ಆದರೂ ಮನಸ್ಸು ‘ಆಗಿಲ್ಲ’ ಅನ್ನುತ್ತದೆ. ಎದೆ ಢವಢವ ಅನ್ನುತ್ತದೆ. ಮತ್ತೆ ತೊಳೆದರೆ ಒಂದು ಕ್ಷಣ ತಣ್ಣಗಾಗುತ್ತದೆ. ಆ ಒಂದು ಕ್ಷಣದ ಆರಾಮವೇ ಬಲೆ. ತೊಳೆದರೆ ಭಯ ಹೋಗುತ್ತದೆ ಅಂತ ಮೆದುಳು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಜಾಸ್ತಿ ತೊಳೆಸುತ್ತದೆ. ತುರಿಕೆ ಇದ್ದ ಕಡೆ ಕೆರೆದ ಹಾಗೆ, ಆ ಕ್ಷಣಕ್ಕೆ ಹಿತ, ಆಮೇಲೆ ಗಾಯ.

ಜೀವನದಲ್ಲಿ ಯಾವಾಗಲಾದರೂ ಈ ಕಾಯಿಲೆ ಬರುವವರು ನೂರಕ್ಕೆ ಸುಮಾರು 2 ಜನ. ಶುರುವಾಗುವುದು ಹೆಚ್ಚಾಗಿ ಹದಿಹರೆಯದಿಂದ ಇಪ್ಪತ್ತರ ಆಸುಪಾಸು, ನಿಮ್ಮ ಮಗನ ವಯಸ್ಸೇ. ಇದು ಧರ್ಮದಿಂದ ಬರುವುದಿಲ್ಲ. ಮನೆಯಲ್ಲಿ ಯಾವುದು ಪವಿತ್ರವೋ ಅದರ ಬಟ್ಟೆ ತೊಟ್ಟುಕೊಂಡು ಬರುತ್ತದೆ. ನಮ್ಮೂರುಗಳಲ್ಲಿ ‘ಮಡಿ ಹುಚ್ಚು’ ಅಂತ ಒಂದು ಮಾತು ಇದೆ. ಬಾವಿಕಟ್ಟೆಯಲ್ಲಿ ಮೂರು ಸಲ ಮಿಂದು, ಒಣಗಿದ ಸೀರೆ ಮುಟ್ಟಿದ್ದಕ್ಕೆ ಮತ್ತೆ ಮಿಂದು, ಮಧ್ಯಾಹ್ನವಾದರೂ ಅಡುಗೆಮನೆ ಸೇರದ ಅಜ್ಜಿಯರ ಕಥೆ ಎಷ್ಟೋ ಮನೆಗಳಲ್ಲಿದೆ. ಅದನ್ನು ನಾವು ಭಕ್ತಿ ಅಂದೆವು, ಇಲ್ಲವೇ ನಕ್ಕೆವು. ಎಷ್ಟೋ ಜನಕ್ಕೆ ಅದು ಕಾಯಿಲೆಯಾಗಿತ್ತು. ದೇವರನ್ನೇ ನಂಬದವರಲ್ಲಿ ಇದೇ ಕಾಯಿಲೆ ಕ್ರಿಮಿಯ ಭಯವಾಗಿ ಬರುತ್ತದೆ. ಕೋವಿಡ್ ಕಾಲದಲ್ಲಿ ತರಕಾರಿಗೆಲ್ಲಾ ಸೋಪು ಹಚ್ಚಿದವರಲ್ಲಿ ಕೆಲವರು ಇವತ್ತಿಗೂ ನಿಲ್ಲಿಸಿಲ್ಲ.

ಮುಸ್ಲಿಂ ಪಂಡಿತರಿಗೆ ಇದು ಹೊಸದೇನೂ ಅಲ್ಲ. ಮೇಲಿಂದ ಮೇಲೆ ಕಾಡುವ ಅನುಮಾನಕ್ಕೆ ವಸ್ವಸಾ ಅಂತ ಹೇಳುತ್ತಾರಲ್ಲ, ಅದರ ಬಗ್ಗೆ ಸಾವಿರ ವರ್ಷದಿಂದ ಬರೆದಿದ್ದಾರೆ. ಈಗಿನ ಅಫ್ಘಾನಿಸ್ತಾನದ ಬಲ್ಖ್‌ನಲ್ಲಿ ಹುಟ್ಟಿ 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ, ದೇಹಕ್ಕೆ ಕಾಯಿಲೆ ಬರುವ ಹಾಗೆ ಮನಸ್ಸಿಗೂ ಬರುತ್ತದೆ ಅಂದವರು. ಬೇಡ ಅಂದರೂ ನುಗ್ಗುವ ಯೋಚನೆಗಳನ್ನು ಅವರು ಬೇರೆಯಾಗಿಯೇ ವಿವರಿಸಿದ್ದಾರೆ. ಅವರ ವಿವರಣೆ ಇವತ್ತಿನ ಓಸಿಡಿ ಲಕ್ಷಣಗಳಿಗೆ ಎಷ್ಟು ಹತ್ತಿರ ಇದೆ ಅಂತ 2015ರಲ್ಲಿ ಒಂದು ಮನೋವೈದ್ಯಕೀಯ ಪತ್ರಿಕೆಯಲ್ಲಿ ಲೇಖನವೇ ಬಂದಿದೆ. 1223ರಲ್ಲಿ ತೀರಿಕೊಂಡ ಇಬ್ನ್ ಕುದಾಮಾ ಅವರು ವುಜೂದಲ್ಲಿ, ನಿಯತ್ತಿನಲ್ಲಿ (ಮನಸ್ಸಿನ ಸಂಕಲ್ಪದಲ್ಲಿ) ಮುಗಿಯದ ಅನುಮಾನ ಪಡುವವರ ಬಗ್ಗೆ ಪ್ರತ್ಯೇಕ ಗ್ರಂಥ ಬರೆದರು. ಇನ್ನೊಂದು ಹಳೆಯ ಪ್ರಸಂಗ ಇದೆ. ಬಗ್ದಾದಿನ ಪಂಡಿತ ಇಬ್ನ್ ಅಕೀಲ್ ಅವರ ಹತ್ತಿರ ಒಬ್ಬ ಬಂದು, ನೀರಲ್ಲಿ ಎಷ್ಟು ಸಲ ಮುಳುಗಿದರೂ ಗುಸ್ಲ್ (ಶುದ್ಧಿ ಸ್ನಾನ) ಆಯಿತೋ ಇಲ್ಲವೋ ಅಂತ ಅನುಮಾನ ಬರುತ್ತದೆ ಅಂದನಂತೆ. ಹಾಗಾದರೆ ನಿನಗೆ ನಮಾಜೇ ಬೇಕಿಲ್ಲ, ಬುದ್ಧಿ ಸ್ಥಿಮಿತ ಇಲ್ಲದವರಿಗೆ ಅದರ ಕಟ್ಟು ಇಲ್ಲ ಅಂದರಂತೆ ಅವರು. ಚುರುಕಾದ ಉತ್ತರ, ನಗು ಬರುತ್ತದೆ. ಆದರೆ ನಿಮ್ಮ ಮಗನ ಮುಂದೆ ಮಾತ್ರ ಹೇಳಬೇಡಿ. ತನಗೆ ಹುಚ್ಚು ಹಿಡಿಯುತ್ತಿದೆ ಅನ್ನುವ ಭಯ ಈ ಕಾಯಿಲೆಯವರಿಗೆ ಮೊದಲೇ ಇರುತ್ತದೆ.

ನಿಯಮಗಳನ್ನೇ ನೋಡಿ. ಕುರಾನಿನ 5ನೇ ಅಧ್ಯಾಯದ 6ನೇ ಆಯತ್ತಿನಲ್ಲಿ ವುಜೂ ಹೇಳಿರುವುದು ನಾಲ್ಕೇ ಅಂಗಕ್ಕೆ: ಮುಖ, ಮೊಣಕೈವರೆಗೆ ಕೈ, ತಲೆಗೆ ಒರೆಸುವುದು, ಹರಡಿನವರೆಗೆ ಕಾಲು. ನೀರಿಲ್ಲದಿದ್ದರೆ, ಕಾಯಿಲೆ ಇದ್ದರೆ, ಶುದ್ಧ ಮಣ್ಣಿನಿಂದ ತಯಮ್ಮುಮ್. ಚಿತ್ರದುರ್ಗ, ಚಳ್ಳಕೆರೆ ಕಡೆ ಬರಗಾಲ ಕಂಡವರಿಗೆ ಈ ರಿಯಾಯಿತಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮನ್ನು ಕಷ್ಟಕ್ಕೆ ಹಾಕುವುದು ಅಲ್ಲಾಹನ ಇಚ್ಛೆ ಅಲ್ಲ ಅನ್ನುವ ಅರ್ಥದ ಮಾತು ಅದೇ ಆಯತ್ತಿನಲ್ಲಿದೆ. ನಮ್ಮ ಕಡೆ ಬಹುಪಾಲು ಜನ ಅನುಸರಿಸುವ ಹನಫಿ ಪದ್ಧತಿಯಲ್ಲಿ ಒಂದು ಸಲ ಪೂರ್ತಿ ನೆನೆಸಿ ತೊಳೆದರೆ ಫರ್ಜ್ (ಕಡ್ಡಾಯ) ಮುಗಿಯಿತು. ಮೂರು ಸಲ ತೊಳೆಯುವುದು ಸುನ್ನತ್ (ಪ್ರವಾದಿಯವರ ರೂಢಿ). ಮೂರಕ್ಕಿಂತ ಜಾಸ್ತಿ ಮಾಡುವುದು ತಪ್ಪು ಅಂತ ಹದೀಸ್ ಇದೆ. ಪ್ರವಾದಿಯವರು ಒಂದು ಮುದ್ ನೀರಿನಲ್ಲಿ ವುಜೂ ಮುಗಿಸುತ್ತಿದ್ದರು ಅಂತ ಬುಖಾರಿ, ಮುಸ್ಲಿಂನಲ್ಲಿದೆ. ಮುದ್ ಅಂದರೆ ಎಷ್ಟು ಅನ್ನುವ ಲೆಕ್ಕ ಒಬ್ಬೊಬ್ಬರದು ಒಂದೊಂದು. ಅರ್ಧ ಲೀಟರ್ ದಾಟಿ ಒಂದು ಲೀಟರಿನ ಆಸುಪಾಸು ಅಂತ ಇಟ್ಟುಕೊಳ್ಳಿ. ಮನೆಯ ಸಾಧಾರಣ ನಲ್ಲಿ ನಿಮಿಷಕ್ಕೆ 6-7 ಲೀಟರ್ ಸುರಿಯುತ್ತದೆ. 40 ನಿಮಿಷಕ್ಕೆ ಎಷ್ಟಾಯಿತು? ನಲ್ಲಿ ನೀರು ದಿನ ಬಿಟ್ಟು ದಿನ ಕಾಯುವ ಊರಿನಲ್ಲಿ ನಿಮ್ಮ ಯಜಮಾನರ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಅನುಮಾನದ ನಿಯಮ. ನಮಾಜಿನ ಮಧ್ಯೆ ವುಜೂ ಮುರಿಯಿತೇನೋ ಅನ್ನಿಸಿದರೆ, ಸದ್ದು ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ಜಾಗ ಬಿಟ್ಟು ಏಳಬೇಡಿ ಅಂತ ಹದೀಸ್ ಹೇಳುತ್ತದೆ. ಖಚಿತವಾಗಿದ್ದದ್ದು ಬರೀ ಅನುಮಾನದಿಂದ ಹೋಗುವುದಿಲ್ಲ ಅನ್ನುವುದು ಧರ್ಮಶಾಸ್ತ್ರವಾದ ಫಿಕ್ಹ್‌ನ ಮೂಲ ಸೂತ್ರಗಳಲ್ಲಿ ಒಂದು. ಮೂತ್ರ ಮಾಡಿದ ಮೇಲೆ ಒಂದು ಹನಿ ಬಿತ್ತೇನೋ ಅಂತ ಹುಡುಗರು ಒದ್ದಾಡುತ್ತಾರೆ. ಇಸ್ತಿಂಜಾ (ಮೂತ್ರದ ನಂತರದ ಶುದ್ಧಿ) ಮುಗಿಸಿ ಬಟ್ಟೆಗೆ ಸ್ವಲ್ಪ ನೀರು ಚಿಮುಕಿಸಿಕೊಳ್ಳಿ, ಆಮೇಲೆ ಒದ್ದೆ ಕಂಡರೂ ಆ ನೀರೇ ಅಂದುಕೊಳ್ಳಿ ಅಂತ ಫಿಕ್ಹ್ ಬಲ್ಲ ಫಕೀಹರು ಅದಕ್ಕೂ ದಾರಿ ಹೇಳಿದ್ದಾರೆ. ಅನುಮಾನಕ್ಕೆ ಉತ್ತರ ಕೊಡಬೇಡ, ಮುಂದೆ ಹೋಗು. ನಮ್ಮ ಚಿಕಿತ್ಸೆ ಹೇಳುವುದೂ ಅಕ್ಷರಶಃ ಇದನ್ನೇ.

ಆ ಚಿಕಿತ್ಸೆಯ ಮಾತಿಗೆ ಬರುತ್ತೇನೆ. ಭಯ ಹುಟ್ಟಿಸುವ ಪರಿಸ್ಥಿತಿಗೆ ರೋಗಿ ಬೇಕೆಂದೇ ಹೋಗಬೇಕು, ಹೋಗಿ ಗೀಳಿನ ಕೆಲಸ ಮಾತ್ರ ಮಾಡಬಾರದು. ಇಷ್ಟೇ ಅದರ ತಿರುಳು. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಮೊದಲು ವರದಿ ಮಾಡಿದರು. ಆಸ್ಪತ್ರೆಯಲ್ಲಿ ನರ್ಸ್‌ಗಳು ಸದಾ ಜೊತೆಗಿದ್ದು ರೋಗಿ ತೊಳೆಯುವುದನ್ನು ತಡೆದರು, ನಲ್ಲಿ ಬಂದ್ ಮಾಡಿದ್ದೂ ಉಂಟು. ‘ಹಾಗಾದರೆ ನಾನು ವಾಲ್ವ್ ಬಂದ್ ಮಾಡಿದ್ದು ಸರಿ’ ಅಂತ ನಿಮ್ಮ ಯಜಮಾನರು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ: ಸರಿ ಅಲ್ಲ. ಅಲ್ಲಿ ರೋಗಿಗೆ ಮೊದಲೇ ಎಲ್ಲ ವಿವರಿಸಿ ಒಪ್ಪಿಗೆ ಪಡೆದಿದ್ದರು, ಪಕ್ಕದಲ್ಲಿ ಧೈರ್ಯ ಹೇಳುವವರಿದ್ದರು. ಇಲ್ಲಿ ಅರ್ಧ ಸೋಪಿನ ಕೈಯಲ್ಲಿ ಹುಡುಗ ಒಬ್ಬನೇ ನಿಂತಿರುತ್ತಾನೆ. ಅವನು ಕಲಿಯುವುದು ಒಂದೇ, ಅಪ್ಪ ಇಲ್ಲದಾಗ ತೊಳೆಯುವುದು.

ವುಜೂ ವಿಷಯದಲ್ಲಿ ಇದು ಹೇಗೆ ನಡೆಯುತ್ತದೆ ಹೇಳುತ್ತೇನೆ. ಮೊದಲು ಹುಡುಗನ ಜೊತೆ ಕೂತು ಯಾವುದರ ಭಯ ಎಷ್ಟು ಅಂತ ನೂರಕ್ಕೆ ಅಂಕ ಹಾಕಿಸುತ್ತೇವೆ. ಮೊಣಕೈ 90 ಇರಬಹುದು, ಬಾಯಿ ಮುಕ್ಕಳಿಸುವುದು 30 ಇರಬಹುದು. ಐದು ಹೊತ್ತಿನಲ್ಲಿ ಅವನಿಗೆ ಯಾವುದು ಕಡಿಮೆ ಕಷ್ಟವೋ ಅದರಿಂದ ಶುರು. ರಾತ್ರಿಯ ಇಶಾ ಆಗಬಹುದು. ಒಂದು ಲೀಟರಿನ ಮಗ್ ತುಂಬಿಸಿಕೊಂಡು ನಲ್ಲಿ ನಿಲ್ಲಿಸುವುದು. ಆ ನೀರಿನಲ್ಲೇ ವುಜೂ. ಮೂರು ಸಲದ ಮಿತಿ, ಮುಂದೆ ಅವನಿಗೆ ಧೈರ್ಯ ಬಂದ ಮೇಲೆ ಕೆಲವು ದಿನ ಒಂದೇ ಸಲ. ಮುಗಿದ ಕೂಡಲೇ ಟವೆಲಿನಲ್ಲಿ ಒರೆಸಿಕೊಳ್ಳುವುದು. ಒಣಗಿದ ಜಾಗ ಹುಡುಕುವ ಆಟಕ್ಕೆ ಆಗ ಅವಕಾಶವೇ ಇರುವುದಿಲ್ಲ. ಎದ್ದು ನಮಾಜಿಗೆ ನಿಲ್ಲುವುದು. ಅನುಮಾನ ಬರುತ್ತದೆ, ಜೋರಾಗೇ ಬರುತ್ತದೆ. ಬರಲಿ. ಅದನ್ನು ಹೊತ್ತುಕೊಂಡೇ ನಮಾಜ್ ಮುಗಿಸಬೇಕು. ಮೊದಮೊದಲು ಭಯ ಇಳಿಯಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಆದೀತು. ಆದರೆ ತೊಳೆಯದೆಯೂ ಇಳಿಯುತ್ತದೆ. ಅದನ್ನು ಮೆದುಳು ತಾನೇ ಕಂಡುಕೊಂಡ ಮೇಲೆ ಮೊಣಕೈ 90ರಿಂದ ಕೆಳಗೆ ಬರತೊಡಗುತ್ತದೆ. ಕೆಲವು ದಿನ ಜಾರುತ್ತದೆ, ಅದು ಇದ್ದದ್ದೇ.

ಗಮನಿಸಿ, ಇದರಲ್ಲಿ ಎಲ್ಲೂ ಧರ್ಮ ಮುರಿಯುವ ಮಾತಿಲ್ಲ. ವುಜೂ ಇಲ್ಲದೆ ನಮಾಜ್ ಮಾಡು, ನಾಪಾಕ್ (ಅಶುದ್ಧ) ಬಟ್ಟೆಯಲ್ಲಿ ನಿಲ್ಲು ಅಂತ ಹೇಳುವ ಚಿಕಿತ್ಸಕ ಈ ಕೆಲಸಕ್ಕೆ ಸರಿ ಇಲ್ಲ. ಅವನಿಗೆ ಮೊದಲು ‘ಬಿಡು’ ಅಂದ ವೈದ್ಯರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹುಡುಗ ಓಡಿಹೋದ, ಕಾಲ ಕಳೆಯಿತು. ನಮಗೆ ಬೇಕಿರುವುದು ಅವನ ವುಜೂ ಉಳಿದವರ ವುಜೂ ಥರ ಆಗುವುದು, ನಾಲ್ಕೈದು ನಿಮಿಷದಲ್ಲಿ ಏಳುವುದು. ಅವನನ್ನು ಕರೆತರುವಾಗ ಈ ಒಂದು ಮಾತನ್ನೇ ಹೇಳಿ. ‘ನಮಾಜ್ ಬಿಡಿಸೋಕೆ ಅಲ್ಲ, ಜಮಾತ್ ಸಿಗೋ ಹಾಗೆ ಮಾಡೋಕೆ’ ಅಂದರೆ ಅವನು ಬಂದಾನು.

ಇನ್ನು ನಿಮ್ಮ ಪಾಲಿನ ಕೆಲಸ. ಇದು ನಿಮಗೆ ಕಷ್ಟವಾಗುತ್ತದೆ. ‘ಮೊಣಕೈ ನೋಡು ಅಮ್ಮೀ’ ಅಂದಾಗ ನೀವು ‘ಒದ್ದೆ ಇದೆ ಕಣೋ, ಆಯಿತು ಏಳು’ ಅನ್ನುತ್ತೀರಿ. ತಾಯಿ ಇನ್ನೇನು ಹೇಳಿಯಾಳು? ಆದರೆ ಆ ಉತ್ತರವೂ ಇನ್ನೊಂದು ಮಗ್ ನೀರು ಹಾಕಿದ ಹಾಗೆಯೇ. ಒಂದು ಕ್ಷಣ ಆರಾಮ, ಮತ್ತೆ ಪ್ರಶ್ನೆ. ಹಜ್ರತ್ ಅವರ ಹತ್ತಿರ ದಿನಾ ಮಸಲಾ (ಧರ್ಮದ ನಿಯಮದ ಪ್ರಶ್ನೆ) ಕೇಳುವುದು, ರಾತ್ರಿಯೆಲ್ಲಾ ಯೂಟ್ಯೂಬಿನಲ್ಲಿ ಫತ್ವಾ ಹುಡುಕುವುದು, ಎಲ್ಲಾ ಒಂದೇ ಜಾತಿ. ಅದಕ್ಕೇ ‘ಒಂದು ಸಲ’ ಅಂದದ್ದು. ಮೊದಲನೇ ಸಲ ಕೇಳಿದ್ದು ತಿಳಿವಳಿಕೆ, ಹತ್ತನೇ ಸಲ ಕೇಳಿದ್ದು ಗೀಳು. ಹಾಗಂತ ಇವತ್ತಿನಿಂದಲೇ ಬಾಯಿ ಮುಚ್ಚಿಕೊಳ್ಳಬೇಡಿ. ಅವನ ಜೊತೆ ಮೊದಲು ಮಾತಾಡಿ ಒಪ್ಪಂದ ಮಾಡಿಕೊಳ್ಳಿ. ಅವನು ಕೇಳಿದಾಗ, ‘ಇದು ವಸ್ವಸಾ ಕೇಳಿಸ್ತಿರೋ ಪ್ರಶ್ನೆ, ನಾನು ಉತ್ತರ ಕೊಡಲ್ಲ, ಆದರೆ ಇಲ್ಲೇ ಕೂತಿರ್ತೀನಿ’ ಅನ್ನಿ. ಬೈಯುವುದೂ ಬೇಡ, ಸಮಾಧಾನ ಹೇಳುವುದೂ ಬೇಡ. ಬಾತ್‌ರೂಮ್ ಬಾಗಿಲು ಬಡಿಯುವುದಂತೂ ಬೇಡವೇ ಬೇಡ. ಗಾಬರಿಯಾದರೆ ಅವನು ಮೊದಲಿಂದ ಶುರು ಮಾಡುತ್ತಾನೆ.

ಹಜ್ರತ್ ಅವರಿಂದ ಒಂದು ದೊಡ್ಡ ಸಹಾಯ ಆಗುತ್ತದೆ. ‘ನಿನ್ನಂಥವರಿಗೆ ಅನುಮಾನದ ಮೇಲೆ ಮತ್ತೆ ತೊಳೆಯುವುದು ಬೇಕಿಲ್ಲ, ಹಾಗೇ ನಮಾಜ್ ಮಾಡು’ ಅನ್ನುವ ಮಾತು ನನ್ನ ಬಾಯಿಂದ ಬಂದರೆ ತೂಕ ಇಲ್ಲ, ಅವರ ಬಾಯಿಂದ ಬಂದರೆ ಇದೆ. ಸಾಧ್ಯವಾದರೆ ಒಬ್ಬರನ್ನೇ ಗೊತ್ತು ಮಾಡಿಕೊಳ್ಳಿ. ನಾಲ್ಕು ಜನರನ್ನು ಕೇಳಿದರೆ ನಾಲ್ಕು ಸಣ್ಣ ವ್ಯತ್ಯಾಸ ಸಿಗುತ್ತವೆ, ಗೀಳು ಆ ಸಂದಿಯಲ್ಲಿ ನುಗ್ಗುತ್ತದೆ. ಕೈಯ ಬಿರುಕಿಗೆ ನೀರು ತಾಗಬಾರದು ಅಂತ ಚರ್ಮದ ವೈದ್ಯರು ಹೇಳುವ ಮಟ್ಟಕ್ಕೆ ಹೋಗಿದ್ದರೆ ತಯಮ್ಮುಮ್ ಬಗ್ಗೆಯೂ ಅವರನ್ನೇ ಕೇಳಿ. ಆದರೆ ನೀರಿನ ಭಯದಿಂದ ತಪ್ಪಿಸಿಕೊಳ್ಳಲು ಅದನ್ನು ಬಳಸುವುದು ಬೇಡ. ಕೊನೆಗೆ ತಯಮ್ಮುಮ್ಮಿಗೇ ಅನುಮಾನ ಶುರುವಾಗುತ್ತದೆ. ಸದ್ಯಕ್ಕೆ ವುಜೂಗೆ ಸೋಪು ಬೇಕಿಲ್ಲ ಅನ್ನುವುದನ್ನು ನೆನಪಿಸಿ, ರಾತ್ರಿ ಮಲಗುವಾಗ ಕೈಗೆ ವ್ಯಾಸಲಿನ್ ಹಚ್ಚಿಸಿ, ಕಾಲ್ಬೆರಳ ಸಂದಿ ಒರೆಸಿ ಒಣಗಿಸಲು ಹೇಳಿ.

ಗಾಳಿ ಸೋಕಿದೆ ಅನ್ನುವ ನೆಂಟರ ಜೊತೆ ಜಗಳ ಬೇಡ. ತಾಯತ ಕಟ್ಟಿಸಿದ್ದರೆ ಬಿಚ್ಚಿ ಅಂತ ನಾನು ಹೇಳುವುದಿಲ್ಲ. ವಸ್ವಸಾ ಶೈತಾನನದು ಅಂತ ನಂಬುವವರೂ ಅದಕ್ಕೆ ಕಿವಿಗೊಡಬೇಡ ಅಂತಲೇ ಹೇಳುತ್ತಾರೆ. ಹೊಡೆಯುವುದು, ಹೊಗೆ ಹಾಕುವುದು, ಸಾವಿರಾರು ರೂಪಾಯಿ ಕೇಳುವುದು, ಗುಳಿಗೆ ನಿಲ್ಲಿಸಿ ಅನ್ನುವುದು, ಇವುಗಳಲ್ಲಿ ಯಾವುದು ಬಂದರೂ ಎದ್ದು ಬನ್ನಿ.

ಗುಳಿಗೆ ಬಗ್ಗೆ. ಕಾಯಿಲೆ ಕಡಿಮೆ ಇದ್ದರೆ ಮೇಲೆ ಹೇಳಿದ ಅಭ್ಯಾಸವೇ ಸಾಕಾಗಬಹುದು. ನಿಮ್ಮ ಮಗನಿಗೆ ದಿನಕ್ಕೆ ಮೂರು ಗಂಟೆ ಮೇಲೆ ಹೋಗುತ್ತಿದೆ, ಗುಳಿಗೆಯೂ ಬೇಕಾಗಬಹುದು. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಫ್ಲೂವಾಕ್ಸಮಿನ್, ಎಸ್ಸಿಟಲೋಪ್ರಾಮ್ ಇಂಥವನ್ನು ಕೊಡುತ್ತಾರೆ. ಇವು ನಿದ್ದೆ ಗುಳಿಗೆ ಅಲ್ಲ, ಚಟ ಹಿಡಿಸುವುದಿಲ್ಲ. ಖಿನ್ನತೆಗೆ ಕೊಡುವುದಕ್ಕಿಂತ ಗೀಳಿಗೆ ಸಾಮಾನ್ಯವಾಗಿ ಡೋಸ್ ಜಾಸ್ತಿ ಬೇಕು. ಪೂರ್ತಿ ಪರಿಣಾಮ ಕಾಣಲು 8ರಿಂದ 12 ವಾರ ಕಾಯಬೇಕು. ಹದಿನೈದು ದಿನಕ್ಕೆ ‘ಏನೂ ಆಗಲಿಲ್ಲ’ ಅಂತ ನಿಲ್ಲಿಸುವವರೇ ಹೆಚ್ಚು. ಮೊದಲ ವಾರಗಳಲ್ಲಿ ವಾಕರಿಕೆ, ಹೊಟ್ಟೆ ಕೆಡುವುದು, ಸ್ವಲ್ಪ ಚಡಪಡಿಕೆ ಇರಬಹುದು. 25ರ ಒಳಗಿನವರಲ್ಲಿ ಶುರುವಿನಲ್ಲಿ ಸಾಯುವ ಯೋಚನೆ ಹೆಚ್ಚಾಗುವ ಸಾಧ್ಯತೆ ಸಣ್ಣದಾಗಿ ಇರುವುದರಿಂದ ಮೊದಲ ತಿಂಗಳು ಕಣ್ಣಿಟ್ಟಿರಿ. ಜೀವನಪೂರ್ತಿ ಬೇಕಾ ಅಂದಿರಿ. ಹೆಚ್ಚಿನವರಿಗೆ ಗುಣವಾದ ಮೇಲೂ ಒಂದೆರಡು ವರ್ಷ ಮುಂದುವರಿಸಿ, ಆಮೇಲೆ ನಿಧಾನ ಇಳಿಸುತ್ತೇವೆ. ಕೆಲವರಿಗೆ ಕಾಯಿಲೆ ತಿರುಗಿ ಬರುತ್ತದೆ, ಅವರಿಗೆ ಹೆಚ್ಚು ಕಾಲ ಬೇಕು. ಅಭ್ಯಾಸವನ್ನು ಚೆನ್ನಾಗಿ ಕಲಿತವರಿಗೆ ಹಾಗೆ ಬರುವುದು ಕಡಿಮೆ. ರಂಜಾನ್ ಬಂದರೆ ದಿನಕ್ಕೊಂದು ಗುಳಿಗೆಯನ್ನು ಇಫ್ತಾರ್ ಆದ ಮೇಲೋ ಸಹರಿಯಲ್ಲೋ ತೆಗೆದುಕೊಳ್ಳಬಹುದು, ವೈದ್ಯರಿಗೆ ಮೊದಲೇ ತಿಳಿಸಿ. ಬಾಯಿ ಮುಕ್ಕಳಿಸುವಾಗ ನೀರು ಒಳಗೆ ಹೋಯಿತೇನೋ ಅನ್ನುವ ಹೊಸ ಅನುಮಾನ ಆ ತಿಂಗಳು ಹುಟ್ಟಬಹುದು. ಅದಕ್ಕೂ ಇದೇ ಮದ್ದು.

ಎಲ್ಲಿಗೆ ಹೋಗಬೇಕು? ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಹರಿಹರ, ಚನ್ನಗಿರಿ, ಹೊಸದುರ್ಗ ಕಡೆಯ ಓದುಗರು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ‘ಮನೋಚೈತನ್ಯ’ ಬಗ್ಗೆ ವಿಚಾರಿಸಿ. ಆ ದಿನ ಮನೋವೈದ್ಯರು ಬರುವ ವ್ಯವಸ್ಥೆ ಅದು. ಇಲ್ಲಿ ಗುಣ ಕಾಣದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೇ ಬೇರೆ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹುಡುಗ ‘ಸತ್ತರೆ ಸಾಕು’ ಅನ್ನುವ ಥರ ಮಾತಾಡಿದರೆ ಮಂಗಳವಾರಕ್ಕೆ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಬನ್ನಿ.

ಮೊದಲ ಭೇಟಿಗೆ ಬರುವಾಗ ಒಂದು ವಾರದ ಲೆಕ್ಕ ಬರೆದು ತನ್ನಿ. ಯಾವ ಹೊತ್ತಿನ ವುಜೂಗೆ ಎಷ್ಟು ನಿಮಿಷ, ಎಷ್ಟು ಸಲ ನಿಮ್ಮನ್ನು ಕೇಳಿದ, ಎಷ್ಟು ಜಮಾತ್ ತಪ್ಪಿತು. ಅವನೇ ಬರೆದರೆ ಇನ್ನೂ ಒಳ್ಳೆಯದು. ವೈದ್ಯರು 10 ಪ್ರಶ್ನೆಯ ಒಂದು ಅಳತೆಪಟ್ಟಿ ಇಟ್ಟು 40ಕ್ಕೆ ಅಂಕ ಹಾಕುತ್ತಾರೆ, ಮುಂದೆ ಗುಣವಾಗುತ್ತಿದೆಯೋ ಇಲ್ಲವೋ ಅದರಿಂದ ಗೊತ್ತಾಗುತ್ತದೆ. ನಿಮ್ಮ ಯಜಮಾನರನ್ನೂ ಕರೆತನ್ನಿ. ವಾಲ್ವ್ ವಿಷಯ ಅವರ ಹತ್ತಿರ ನೀವು ಎತ್ತಬೇಡಿ, ಅದನ್ನು ವೈದ್ಯರಿಗೆ ಬಿಡಿ.